ಮಂಡಿಪೇಟೆಯಿಂದ ನಗರಸಭೆಯವರೆಗೆ

2025ರ ಡಿಸೆಂಬರ್ ತಿಂಗಳ ಒಂದು ಭಾನುವಾರ ಸಂಜೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ದಾವಣಗೆರೆಯಿಂದ ತಮ್ಮನ ಫೋನು ಬಂತು. “ಅಕ್ಕಾ, ಎಸ್ಸೆಸ್ ಹೋಗ್ಬಿಟ್ರಂತೆ ಕಣಕ್ಕಾ” ಎಂದ. ಮಾತು ಇಷ್ಟೇ. ಆದರೆ ಅದು ಮುಗಿಯುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು.

ವಾಸನೆಗೆ ಮಗಳು ಒಳಗೆ ಬಂದಳು. “ಯಾರಮ್ಮಾ ಹೋಗಿದ್ದು? ನಮ್ಮ ನೆಂಟರಾ?” ಎಂದು ಕೇಳಿದಳು. “ನೆಂಟರಲ್ಲ. ನಮ್ಮೂರಿಗೆ ಹಿಂದೆ ಮೇಯರ್ ಆಗಿದ್ದವರು ಅಂತ ಇಟ್ಕೋ” ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. “ಮೇಯರ್ ತೀರಿಕೊಂಡರೆ ರೊಟ್ಟಿ ಸೀಯುತ್ತಾ ಅಮ್ಮಾ? ನಮ್ಮ ಮೇಯರ್ ಯಾರು ಅಂತಲೇ ನನಗೆ ಗೊತ್ತಿಲ್ಲವಲ್ಲ!”

ಪಾಪ, ಅವಳದೇನೂ ತಪ್ಪಿಲ್ಲ. ಆ ದಿನ ನಮ್ಮ ಕಲ್ಯಾಣ-ಡೊಂಬಿವಲಿಗೆ ಮೇಯರೇ ಇರಲಿಲ್ಲ. 2020ರ ಕೊನೆಗೆ ಹಿಂದಿನ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆಯೇ ಆಗಿರಲಿಲ್ಲ. ದೊಡ್ಡಣ್ಣನಾದ ಬೃಹನ್ಮುಂಬಯಿಯಲ್ಲೂ 2022ರ ಮಾರ್ಚ್‌ನಿಂದ ಅದೇ ಕಥೆ. ಊರನ್ನು ಆಳುತ್ತಿದ್ದವರು ಅಧಿಕಾರಿಗಳು. ವರ್ಷಗಟ್ಟಲೆ ಹೀಗಿದ್ದರೂ ನಮ್ಮ ಕಟ್ಟಡದಲ್ಲಿ ಯಾರೊಬ್ಬರೂ ಅದನ್ನು ದೊಡ್ಡ ಮಾತಾಗಿ ಆಡಿದ್ದನ್ನು ನಾನು ಕೇಳಲಿಲ್ಲ. ನಾನೂ ಆಡಲಿಲ್ಲ ಅನ್ನಿ.

ಅಂದು ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿಯಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳು ಇದನ್ನು ಓದಲಿ ಎಂಬುದು ನನ್ನ ಆಸೆ. ಇದು ದೇವರಂಥ ಮನುಷ್ಯನ ಕಥೆಯಲ್ಲ. ಒಬ್ಬ ವ್ಯಾಪಾರಿ ಊರಿನ ಕುರ್ಚಿಯ ಮೇಲೆ ಕುಳಿತಾಗ ಊರಿಗೇನಾಯಿತು, ಅವರಿಗೇನಾಯಿತು ಎಂಬ ಕಥೆ.

ವ್ಯಾಪಾರಿಗಳು ಬೆಳೆಸಿದ ಊರು

ಎಸ್ಸೆಸ್ ಎಂದರೆ ಶಾಮನೂರು ಶಿವಶಂಕರಪ್ಪನವರು. ಹುಟ್ಟಿದ್ದು 1931ರ ಜೂನ್ 16. ಶಾಮನೂರು ಎಂಬುದು ದಾವಣಗೆರೆಯ ಮಗ್ಗುಲಿನ ಹಳ್ಳಿ. ಈಗ ಊರು ಬೆಳೆದು ಅದನ್ನೂ ನುಂಗಿಕೊಂಡಿದೆ. ತಂದೆ ಕಲ್ಲಪ್ಪನವರು. ವ್ಯಾಪಾರದ ಮನೆತನ.

ದಾವಣಗೆರೆಯ ಬಗ್ಗೆ ಒಂದು ಮಾತು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ಮೈಸೂರಿಗೆ ಅರಮನೆಯಿದೆ, ಬಿಜಾಪುರಕ್ಕೆ ಗೋಳಗುಮ್ಮಟವಿದೆ. ದಾವಣಗೆರೆಗೆ ಅಂಥದ್ದೇನೂ ಇಲ್ಲ. ಹೈದರಾಲಿಯು ಈ ಊರನ್ನು ಒಬ್ಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನಂತೆ. ಆ ಸರದಾರ ವರ್ತಕರನ್ನು ಕರೆಸಿ ನೆಲೆಗೊಳಿಸಿದ ಎಂದು ಇತಿಹಾಸ ಹೇಳುತ್ತದೆ. ಅಂದರೆ ಊರಿನ ಬೇರಿನಲ್ಲೇ ತಕ್ಕಡಿಯಿದೆ. ಮೊದಲು ಹತ್ತಿ ಮತ್ತು ಧಾನ್ಯದ ವ್ಯಾಪಾರ, ಆಮೇಲೆ ಪುಣೆ-ಬೆಂಗಳೂರು ರೈಲುದಾರಿ, ನಂತರ ಹತ್ತಿಯ ಗಿರಣಿಗಳು. ದಾವಣಗೆರೆ ಕಾಟನ್ ಮಿಲ್, ಚಂದ್ರೋದಯ, ಆಂಜನೇಯ, ಯಲ್ಲಮ್ಮ, ಶಂಕರ ಹೀಗೆ ಒಂದರ ಹಿಂದೊಂದು ಮಿಲ್ಲುಗಳು ಎದ್ದು ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ನಾನು ಚಿಕ್ಕವಳಿದ್ದಾಗ ಮಿಲ್ಲಿನ ಕೂಗು ಕೇಳಿಯೇ ಅಮ್ಮ ಒಲೆ ಹಚ್ಚುತ್ತಿದ್ದಳು. ಲಾಲಬಾಗ, ಪರೇಲಿನ ಹಳೆಯ ಮರಾಠಿ ಗೆಳತಿಯರು ಗಿರಣಿಯ ಭೋಂಗಾ ಎಂದಾಗಲೆಲ್ಲ ನನಗೆ ನಮ್ಮೂರೇ ನೆನಪಾಗುತ್ತದೆ.

ಗಳಿಸಿದವರು ಊರಿಗೂ ಕೊಡಬೇಕು ಎಂಬ ವಾಡಿಕೆ ಅಲ್ಲಿತ್ತು. ರಾಜನಹಳ್ಳಿ ಮನೆತನದವರು ಛತ್ರ ಕಟ್ಟಿಸಿದರು. ಚಿಗಟೇರಿ ಮನೆತನದ ಹೆಸರಿನ ಆಸ್ಪತ್ರೆ ಇಂದಿಗೂ ಜಿಲ್ಲೆಯ ಬಡವರ ದೊಡ್ಡಾಸ್ಪತ್ರೆ. ಈ ವಾಡಿಕೆಯ ನಡುವೆ ಬೆಳೆದವರು ಶಿವಶಂಕರಪ್ಪನವರು.

ಮಂಡಿಯ ಪಾಠ

ನಮ್ಮ ತಂದೆ ಮಂಡಿಪೇಟೆಯಲ್ಲಿ ಒಬ್ಬ ದಲಾಲರ ಬಳಿ ಗುಮಾಸ್ತರಾಗಿದ್ದರು. ಹಾಗಾಗಿ ದಲಾಲಿ ಮಂಡಿ ಎಂದರೇನು ಎಂಬುದು ನನಗೆ ಅಲ್ಪಸ್ವಲ್ಪ ಗೊತ್ತು. ನಿಮ್ಮಲ್ಲಿ ಅನೇಕರು ವಾಶಿಯ ಮಾರುಕಟ್ಟೆಯನ್ನು ಹೈವೇಯಿಂದ ನೋಡಿರುತ್ತೀರಿ, ಒಳಗೆ ಹೋಗಿರಲಾರಿರಿ. ಆದ್ದರಿಂದ ಹೇಳುತ್ತೇನೆ.

ರೈತ ಗಾಡಿಯಲ್ಲಿ ಭತ್ತವನ್ನೋ ಹತ್ತಿಯನ್ನೋ ಶೇಂಗಾವನ್ನೋ ತರುತ್ತಾನೆ. ದಲಾಲ ಅದನ್ನು ಕೊಳ್ಳುವವನಲ್ಲ. ಕೊಳ್ಳುವವರನ್ನು ಕರೆದು ಹರಾಜು ಮಾಡಿಸಿ, ತೂಗಿಸಿ, ಹಣ ಕೊಡಿಸಿ, ತನ್ನ ಕಮಿಷನ್ ಹಿಡಿದುಕೊಳ್ಳುವವನು. ಆದರೆ ನಿಜವಾದ ಸಂಬಂಧ ಅಲ್ಲಿಗೆ ಮುಗಿಯುವುದಿಲ್ಲ. ಬಿತ್ತನೆಗೆ ದುಡ್ಡು ಬೇಕಾದಾಗ ರೈತ ಬರುವುದು ಅದೇ ಮಂಡಿಗೆ. ಮಗಳ ಮದುವೆಗೂ ಅಲ್ಲಿಗೇ, ಹೆಂಡತಿಯ ಆಪರೇಷನ್ನಿಗೂ ಅಲ್ಲಿಗೇ. ದಲಾಲ ಪುಸ್ತಕ ತೆಗೆದು ಬರೆದುಕೊಂಡು ಕೊಡುತ್ತಾನೆ. ಮುಂದಿನ ಸುಗ್ಗಿಗೆ ಮಾಲು ಅವನ ಮಂಡಿಗೇ ಬರಬೇಕು. ಅದು ಕಾಗದದಲ್ಲಿಲ್ಲ, ಬಾಯಿಮಾತಿನಲ್ಲಿದೆ.

ನೋಡಿ, ಇದರಲ್ಲಿ ಎರಡು ಮುಖಗಳಿವೆ. ಒಂದು, ಕಷ್ಟಕಾಲಕ್ಕೆ ಬಾಗಿಲು ತಟ್ಟಲು ಒಂದು ಜಾಗ. ಇನ್ನೊಂದು, ಒಮ್ಮೆ ತಟ್ಟಿದ ಮೇಲೆ ಬೇರೆ ಬಾಗಿಲಿಗೆ ಹೋಗಲಾಗದ ಸಂಕೋಚ. ನಮ್ಮ ತಂದೆ ತಮ್ಮ ಮಾಲೀಕರನ್ನು ಹೊಗಳುತ್ತಿದ್ದರು. ಒಂದೊಂದು ರಾತ್ರಿ ನಿಟ್ಟುಸಿರೂ ಬಿಡುತ್ತಿದ್ದರು. ಎರಡೂ ನಿಜವೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಶಿವಶಂಕರಪ್ಪನವರು ಈ ಪ್ರಪಂಚದಿಂದ ಬಂದವರು. ವ್ಯಾಪಾರ, ಅಕ್ಕಿ ಗಿರಣಿ, ಕಾಲಾನಂತರ ಸಕ್ಕರೆ ಕಾರ್ಖಾನೆಯವರೆಗೆ ಆ ಮನೆತನ ಬೆಳೆಯಿತು. ಭದ್ರಾ ಅಣೆಕಟ್ಟಿನ ನಾಲೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ದಾವಣಗೆರೆಯ ಸುತ್ತ ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಅಕ್ಕಿ ಗಿರಣಿಗಳಿಗೆ ಸುಗ್ಗಿಯೋ ಸುಗ್ಗಿ. ಕಾಲವನ್ನು ಗುರುತಿಸಿ ಹೆಜ್ಜೆ ಹಾಕಿದವರು ಶ್ರೀಮಂತರಾದರು. ಅವರಲ್ಲಿ ಇವರೂ ಒಬ್ಬರು.

ಜಕಾತಿ ಕೊಡುವವರೇ ಜಕಾತಿ ವಸೂಲಿಗೆ

1969ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಶಿವಶಂಕರಪ್ಪನವರು ದಾವಣಗೆರೆ ನಗರಸಭೆಗೆ ಸದಸ್ಯರಾಗಿ ಬಂದರು. 1971ರಿಂದ 1973ರವರೆಗೆ ಅದರ ಅಧ್ಯಕ್ಷರಾದರು. ಆಗಿನ್ನೂ ಅಲ್ಲಿ ಮೇಯರ್ ಎಂಬ ಹೆಸರಿರಲಿಲ್ಲ. 1870ರಷ್ಟು ಹಿಂದೆಯೇ ಪುರಸಭೆ ಕಂಡ ಊರು ಅದು, ಮಹಾನಗರಪಾಲಿಕೆಯಾದದ್ದು 2007ರಲ್ಲಿ. ಮಗಳಿಗೆ ತಿಳಿಯಲೆಂದು ನಾನು ಮೇಯರ್ ಎಂದೆ ಅಷ್ಟೆ.

ಹಾಗೆ ನೋಡಿದರೆ ನಮ್ಮ ಮುಂಬಯಿ ಮೇಯರ್‌ಗಿಂತ ಸಣ್ಣ ಊರಿನ ನಗರಸಭೆಯ ಅಧ್ಯಕ್ಷನ ಕುರ್ಚಿಯೇ ಬಿಸಿ. ಮುಂಬಯಿಯಲ್ಲಿ 1888ರ ಕಾಯಿದೆಯ ಪ್ರಕಾರ ಆಡಳಿತದ ಕೀಲಿಕೈ ಇರುವುದು ಸರ್ಕಾರ ನೇಮಿಸಿದ ಕಮಿಷನರರ ಕೈಯಲ್ಲಿ. ಮೇಯರ್‌ಗೆ ಮಾನವಿದೆ, ಮೆರವಣಿಗೆಯಿದೆ, ಸಭೆ ನಡೆಸುವ ಹಕ್ಕಿದೆ. ಸಣ್ಣ ಊರಿನಲ್ಲಾದರೋ ಅಧ್ಯಕ್ಷನ ಮನೆ ಎಲ್ಲರಿಗೂ ಗೊತ್ತು. ನಲ್ಲಿಯಲ್ಲಿ ನೀರು ಬರದಿದ್ದರೆ ಬೆಳಗಿನ ಆರು ಗಂಟೆಗೆ ಕೊಡ ಹಿಡಿದುಕೊಂಡೇ ಹೆಂಗಸರು ಅವನ ಜಗಲಿಗೆ ಬರುತ್ತಾರೆ. ಅಂಗಡಿಗೆ ಹೋದರೂ ಮದುವೆಗೆ ಹೋದರೂ ಚರಂಡಿಯ ವಿಷಯ ತಪ್ಪಿದ್ದಲ್ಲ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಕಾಲದಲ್ಲಿ ನಗರಸಭೆಗಳ ದೊಡ್ಡ ಆದಾಯವೆಂದರೆ ಜಕಾತಿ, ಅಂದರೆ ಆಕ್ಟ್ರಾಯ್. ಊರೊಳಗೆ ಬರುವ ಪ್ರತಿ ಮೂಟೆಗೂ ನಾಕಾದಲ್ಲಿ ಸುಂಕ ಕಟ್ಟಬೇಕು. ನಿಮ್ಮಲ್ಲಿ ಕೆಲವರಿಗೆ ದಹಿಸರ್, ಮುಲುಂಡ್ ನಾಕಾಗಳಲ್ಲಿ ನಿಲ್ಲುತ್ತಿದ್ದ ಲಾರಿಗಳ ಸಾಲು ನೆನಪಿರಬಹುದು. ಜಿ.ಎಸ್.ಟಿ. ಬರುವವರೆಗೆ, ಅಂದರೆ 2017ರ ಜೂನ್ ಕೊನೆಯವರೆಗೂ ಮುಂಬಯಿಯಲ್ಲಿ ಅದಿತ್ತು. ಕರ್ನಾಟಕದಲ್ಲಿ 1979ರಲ್ಲೇ ರದ್ದಾಯಿತು. ಶಿವಶಂಕರಪ್ಪನವರು ಅಧ್ಯಕ್ಷರಾಗಿದ್ದಾಗ ದಾವಣಗೆರೆಯಲ್ಲಿ ಇನ್ನೂ ಜಾರಿಯಲ್ಲಿತ್ತು. ಯೋಚಿಸಿ ನೋಡಿ, ಮೂಟೆಗೆ ಇಷ್ಟೆಂದು ಜಕಾತಿ ಕೊಟ್ಟು ಗೊಣಗುವವನು ವ್ಯಾಪಾರಿ. ಅದನ್ನು ಕಟ್ಟುನಿಟ್ಟಾಗಿ ವಸೂಲು ಮಾಡಿ ಬೀದಿದೀಪಕ್ಕೆ, ನೀರಿಗೆ, ಜಾಡಮಾಲಿಯ ಸಂಬಳಕ್ಕೆ ಹೊಂದಿಸಬೇಕಾದವನು ಅಧ್ಯಕ್ಷ. ಆ ಎರಡು ವರ್ಷ ಇಬ್ಬರೂ ಒಬ್ಬರೇ!

ವ್ಯಾಪಾರಿಗಳು ರಾಜಕೀಯಕ್ಕೆ ಬರಬಾರದು ಎಂದು ನಮ್ಮಲ್ಲಿ ಬಹಳ ಮಂದಿ ಹೇಳುತ್ತಾರೆ. ನನಗೇನೋ ಈ ಪಾಠ ಒಳ್ಳೆಯದೇ ಅನ್ನಿಸುತ್ತದೆ. ಸ್ವಂತ ಅಂಗಡಿಯಲ್ಲಿ ಬೇಡದ ಗಿರಾಕಿಯನ್ನು ಕಳಿಸಿಬಿಡಬಹುದು. ನಗರಸಭೆಯಲ್ಲಿ ಹಾಗಲ್ಲ. ಜಕಾತಿ ಕೊಡುವಷ್ಟು ಮಾಲಿಲ್ಲದ ಗುಡಿಸಲಿನವಳಿಗೂ ಅದೇ ನಲ್ಲಿಯ ನೀರು ಸಲ್ಲಬೇಕು. 1971ರ ಜನಗಣತಿಯ ಹೊತ್ತಿಗೆ ದಾವಣಗೆರೆಯ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಅದರಲ್ಲಿ ಮಿಲ್ಲಿನ ಕಾರ್ಮಿಕರು, ಹಮಾಲರು, ಮಂಡಕ್ಕಿ ಭಟ್ಟಿಯವರು, ಗಾಡಿ ಹೊಡೆಯುವವರು ಎಷ್ಟೋ. ಅವರ ಕೇರಿಗಳ ಕಷ್ಟವೂ ಅದೇ ಮೇಜಿನ ಮೇಲೆ ಬರುತ್ತಿತ್ತು.

ಆ ಊರಿನ ಇನ್ನೊಂದು ದನಿಯನ್ನೂ ಮರೆಯುವಂತಿಲ್ಲ. ಮಂಡಿಪೇಟೆಯ ದಾವಣಗೆರೆ ಒಂದಾದರೆ ಮಿಲ್ಲಿನ ದಾವಣಗೆರೆ ಮತ್ತೊಂದು. ಕಾರ್ಮಿಕರ ನಾಯಕ ಪಂಪಾಪತಿಯವರು ಕಮ್ಯುನಿಸ್ಟ್ ಪಕ್ಷದಿಂದ 1978, 1983, 1985ರಲ್ಲಿ, ಹೀಗೆ ಮೂರು ಬಾರಿ ಅಲ್ಲಿಂದ ವಿಧಾನಸಭೆಗೆ ಆರಿಸಿ ಬಂದರು. ಹಣವಿದ್ದವರ ಊರಿನಲ್ಲಿ ಮಿಲ್ ಕಾರ್ಮಿಕರ ಮನುಷ್ಯ ಮೂರು ಸಲ ಗೆದ್ದನೆಂದರೆ ಆ ಊರಿನ ಮತದಾರ ಸಾಮಾನ್ಯನಲ್ಲ ಎನ್ನದೆ ವಿಧಿಯಿಲ್ಲ.

ಮಿಲ್ಲು ನಿಂತಿತು, ಕಾಲೇಜು ನಿಂತುಕೊಂಡಿತು

1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ದತ್ತಾ ಸಾಮಂತರ ನಾಯಕತ್ವದ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ದಾವಣಗೆರೆಯ ಮಿಲ್ಲುಗಳೂ ಇಷ್ಟಿಷ್ಟೇ ಸೊರಗಿ, ಒಂದೊಂದಾಗಿ ಬಾಗಿಲು ಹಾಕಿದವು. ಹಳೆಯ ಯಂತ್ರ, ಪವರ್‌ಲೂಮಿನ ಪೈಪೋಟಿ, ಸಾಲ. ಕಾರಣ ಯಾವುದೇ ಇರಲಿ, ಮನೆಯಲ್ಲಿ ಒಲೆ ಉರಿಯದಿದ್ದರೆ ಎಲ್ಲ ಒಂದೇ. ನನ್ನ ಸೋದರಮಾವ ಮಿಲ್ಲಿನಲ್ಲಿದ್ದವರು. ಕೆಲಸ ಹೋದ ಮೇಲೆ ಹಳೆಯ ಸೈಕಲ್ಲಿನಲ್ಲಿ ಸೀರೆ ಹೊತ್ತು ಮಾರಿದರು.

ಆದರೆ ಮುಂಬಯಿಯಲ್ಲಿ ಆ ಜಾಗಗಳಲ್ಲಿ ಮಾಲುಗಳೂ ಗಗನಚುಂಬಿಗಳೂ ಎದ್ದರೆ, ದಾವಣಗೆರೆಯನ್ನು ಕೈ ಹಿಡಿದದ್ದು ವಿದ್ಯೆ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜನ್ನೂ 1979ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಶಿವಶಂಕರಪ್ಪನವರು ದಶಕಗಳ ಕಾಲ ಈ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. 2006ರಲ್ಲಿ ಅವರ ಹೆಸರಿನದೇ ಇನ್ನೊಂದು ವೈದ್ಯಕೀಯ ಕಾಲೇಜು ಬಂತು. ಮಿಲ್ಲಿನ ಕೂಗು ನಿಂತ ಊರಿನಲ್ಲಿ ಹಾಸ್ಟೆಲ್ಲು, ಖಾನಾವಳಿ, ಪುಸ್ತಕದಂಗಡಿ, ಔಷಧಿ ಅಂಗಡಿಗಳು ಬೆಳೆದವು. ಉತ್ತರ ಭಾರತದ ಹುಡುಗರು ಬೆಣ್ಣೆದೋಸೆಯ ಮುಂದೆ ಸಾಲುಗಟ್ಟಿದರು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯೇ ಆಯಿತು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ನಾಲ್ಕು ಲಕ್ಷ ಮೂವತ್ತು ಸಾವಿರ ಮೀರಿತ್ತು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕಲ್ಲವೆ? ಖಾಸಗಿ ವೃತ್ತಿಶಿಕ್ಷಣ ಬಂದಲ್ಲೆಲ್ಲ ‘ಡೊನೇಷನ್’ ಎಂಬ ಮಾತೂ ಬಂತು. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಇದೇ ಹಾಡು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲಿ ಕಾನೂನು ಮಾಡಬೇಕಾಯಿತು. 1992ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಶುಲ್ಕದ ವಿರುದ್ಧ ತೀರ್ಪು ಕೊಟ್ಟಿತು. ನಮ್ಮ ಬೀದಿಯಲ್ಲಿ ವೈದ್ಯಕೀಯ ಓದಿದ ಮೊದಲ ಹುಡುಗಿ ಮೆರಿಟ್ ಸೀಟಿನವಳು. ಎರಡನೆಯವಳ ಅಪ್ಪ ಒಂದು ಎಕರೆ ಮಾರಿದ. ಇಬ್ಬರೂ ಇಂದು ಒಳ್ಳೆಯ ಡಾಕ್ಟರುಗಳು. ಆದರೆ ಮಾರಲು ಎಕರೆಯೇ ಇಲ್ಲದ ನನ್ನ ಸೋದರಮಾವನ ಮಗಳ ವಿಷಯ? ಅವಳು ನರ್ಸಿಂಗ್ ಓದಿದಳು. ಅದೂ ಊರಿನಲ್ಲಿ ಕಾಲೇಜು ಇದ್ದುದರಿಂದಲೇ. ಲೆಕ್ಕ ಎಷ್ಟು ಕೂಡಿದರೂ ಒಂದೇ ಉತ್ತರ ಬರುವುದಿಲ್ಲ ನೋಡಿ.

ಒಂದೇ ಮನೆಯಿಂದ ಮೂವರು

ನಗರಸಭೆಯ ಮೆಟ್ಟಿಲಿನಿಂದ ಹೊರಟ ಶಿವಶಂಕರಪ್ಪನವರ ರಾಜಕೀಯ ಮುಂದೆ ಬಹು ದೂರ ಸಾಗಿತು. 1994ರಲ್ಲಿ ಕಾಂಗ್ರೆಸ್ಸಿನಿಂದ ವಿಧಾನಸಭೆಗೆ ಆರಿಸಿ ಬಂದರು. 1998ರಲ್ಲಿ ಲೋಕಸಭೆಗೆ ಹೋದರು, 1999ರಲ್ಲಿ ಸೋತರು. 2004ರಿಂದ 2023ರವರೆಗಿನ ಐದು ವಿಧಾನಸಭಾ ಚುನಾವಣೆಗಳಲ್ಲಿ ಒಂದನ್ನೂ ಸೋಲಲಿಲ್ಲ. 2013ರಿಂದ 2016ರವರೆಗೆ ತೋಟಗಾರಿಕೆ ಮತ್ತು ಕೃಷಿ ಮಾರುಕಟ್ಟೆ ಸಚಿವರಾಗಿದ್ದರು. ಮಂಡಿಯ ಮನುಷ್ಯನಿಗೆ ಮಂಡಿಯದೇ ಖಾತೆ! ಕೊನೆಯ ಬಾರಿ ಗೆದ್ದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಆ ಸದನದ ಹಿರಿಯಜ್ಜ ಅವರೇ. ಅಖಿಲ ಭಾರತ ವೀರಶೈವ ಮಹಾಸಭಾದ ಅಧ್ಯಕ್ಷರಾಗಿ, ವೀರಶೈವ-ಲಿಂಗಾಯತ ಎರಡೂ ಒಂದೇ ಎಂದು ಕೊನೆಯವರೆಗೂ ವಾದಿಸಿದರು. ಮನಸ್ಸಿಗೆ ಬಂದದ್ದನ್ನು ತಮ್ಮದೇ ಪಕ್ಷದ ಮುಖ್ಯಮಂತ್ರಿಯ ವಿರುದ್ಧವೂ ಹೇಳಿಬಿಡುವ ಸ್ವಭಾವ ಅವರದು.

ಮಗ ಎಸ್.ಎಸ್. ಮಲ್ಲಿಕಾರ್ಜುನ ಶಾಸಕರೂ ಸಚಿವರೂ ಆದರು. 2024ರ ಜೂನ್‌ನಲ್ಲಿ ಸೊಸೆ ಡಾ. ಪ್ರಭಾ ಮಲ್ಲಿಕಾರ್ಜುನ ಲೋಕಸಭೆಗೆ ಗೆದ್ದರು. ಅಲ್ಲಿಂದ ಶಿವಶಂಕರಪ್ಪನವರು ತೀರಿಕೊಳ್ಳುವವರೆಗೆ ನಗರದ ದಕ್ಷಿಣಕ್ಕೆ ಮಾವ, ಉತ್ತರಕ್ಕೆ ಮಗ, ದೆಹಲಿಗೆ ಸೊಸೆ. ಎದುರು ಪಾಳೆಯದಲ್ಲೂ ಇದೇ ವರಸೆ. ಅಲ್ಲಿ ಲೋಕಸಭಾ ಸದಸ್ಯರಾಗಿದ್ದ ತಂದೆಯ ಜಾಗಕ್ಕೆ ಮಗ, ಮಗನ ನಂತರ ಅವರ ಹೆಂಡತಿ ಅಭ್ಯರ್ಥಿ. ನಾಲ್ಕು ಲಕ್ಷ ಜನರ ಊರಿನ ರಾಜಕೀಯ ಎರಡು ಮನೆಗಳ ಅಂಗಳದಲ್ಲಿ ನಡೆಯಿತು ಎಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ನನಗೆ ಮತ್ತೆ ನಮ್ಮ ತಂದೆಯ ಮಂಡಿ ನೆನಪಾಗುತ್ತದೆ. ಊರಿನ ಕಾಲೇಜು, ಆಸ್ಪತ್ರೆ, ಕಾರ್ಖಾನೆ, ಅಧಿಕಾರ ಎಲ್ಲದರ ಬಾಗಿಲೂ ಒಂದೇ ಓಣಿಯಲ್ಲಿದ್ದರೆ ತಟ್ಟುವವನಿಗೆ ಅನುಕೂಲವೂ ಹೌದು, ಸಂಕೋಚವೂ ಹೌದು. ಕೊಟ್ಟವರಿಗೆ ಎದುರು ಮಾತನಾಡುವುದು ಹೇಗೆ? ಪಡೆದವನು ನಾಗರಿಕನೋ, ಋಣದವನೋ? ತಪ್ಪು ಕೊಟ್ಟವರದೆಂದು ನಾನು ಹೇಳಲಾರೆ. ಕೊಡುವವರು ಬಂದಾಗ ನಾವು ಕೈ ಚಾಚಿ ಸುಮ್ಮನಾಗುತ್ತೇವೆ. ಊರಿನ ಕೆಲಸಕ್ಕೆ ನಮ್ಮಲ್ಲೂ ಯಾರಾದರೂ ನಿಲ್ಲಬೇಕು ಎಂಬುದು ಆಮೇಲೆ ಯಾರಿಗೂ ನೆನಪಾಗುವುದಿಲ್ಲ.

ಅಡುಗೆಮನೆಯ ಮಾತು

ಇನ್ನು ನನ್ನನ್ನು ನಿಜವಾಗಿ ಚುಚ್ಚಿದ ವಿಷಯಕ್ಕೆ ಬರುತ್ತೇನೆ. 2024ರ ಮಾರ್ಚ್ ತಿಂಗಳು, ಲೋಕಸಭಾ ಚುನಾವಣೆಯ ಕಾವು. ಎದುರಾಳಿ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅವರನ್ನು ಕುರಿತು ಶಿವಶಂಕರಪ್ಪನವರು ಸಭೆಯೊಂದರಲ್ಲಿ ಮಾತನಾಡುತ್ತ, ಆಕೆಗೆ ಸರಿಯಾಗಿ ಮಾತನಾಡಲೂ ಬರುವುದಿಲ್ಲ, ಅಡುಗೆ ಮಾಡುವುದಕ್ಕಷ್ಟೇ ಲಾಯಕ್ಕು ಎಂಬರ್ಥದ ಮಾತಾಡಿದರು. ದೇಶದ ತುಂಬ ಗದ್ದಲವಾಯಿತು. ಬ್ಯಾಡ್ಮಿಂಟನ್ ಆಟಗಾರ್ತಿ ಸೈನಾ ನೆಹ್ವಾಲ್ ಕೂಡ ಖಂಡಿಸಿದರು.

ಟಿ.ವಿ.ಯಲ್ಲಿ ಅದನ್ನು ಕೇಳಿದಾಗ ನಾನು ಅಡುಗೆಮನೆಯಲ್ಲೇ ಇದ್ದೆ. ಮೂವತ್ತು ವರ್ಷದಿಂದ ಅಲ್ಲೇ ಇದ್ದೇನೆ. ಇಂಗ್ಲಿಷ್ ಬಿ.ಎ. ಓದಿದ್ದೇನೆ. ಜೇನ್ ಆಸ್ಟಿನ್ ಪಾಠ ಕೇಳಿ ಪರೀಕ್ಷೆ ಬರೆದ ಹುಡುಗಿ, ಮದುವೆಯಾಗಿ ಬಂದು ಡಬ್ಬಿ ಕಟ್ಟುತ್ತ, ಲೋಕಲ್ ಟ್ರೇನಿನ ವೇಳೆಗೆ ಗಂಡನನ್ನೂ ಮಕ್ಕಳನ್ನೂ ಹೊರಡಿಸುತ್ತ ಕಾಲ ಕಳೆದವಳು. ನನಗೆ ಅದರ ಬಗ್ಗೆ ಕೊರಗಿಲ್ಲ. ಆದರೆ ‘ಅಷ್ಟೇ ಲಾಯಕ್ಕು’ ಎಂದಾಗ ಏಕೋ ಕಣ್ಣು ತುಂಬಿತು. ಯಾರು ಹೇಳಿದರೂ ನೋವಾಗುತ್ತಿತ್ತು. ನಮ್ಮೂರಿನವರು, ನಮ್ಮ ಹೆಣ್ಣುಮಕ್ಕಳು ಡಾಕ್ಟರು, ಎಂಜಿನಿಯರು ಆಗುವ ಕಾಲೇಜುಗಳನ್ನು ನಡೆಸಿದವರು, ಸ್ವಂತ ಸೊಸೆಯನ್ನೇ ಲೋಕಸಭೆಗೆ ಕಳಿಸಲು ಮತ ಕೇಳುತ್ತಿದ್ದವರು ಹೇಳಿದರಲ್ಲ ಎಂಬುದು ಹೆಚ್ಚಿನ ನೋವು. ಕೊನೆಗೆ ಆ ಸೊಸೆಯೇ 26,094 ಮತಗಳಿಂದ ಗೆದ್ದರು. ಗೆದ್ದವರೂ ಹೆಣ್ಣು, ಸೋತವರೂ ಹೆಣ್ಣು, ಗೇಲಿಯಾದದ್ದು ಮಾತ್ರ ಅಡುಗೆಮನೆ.

ಅವರು ನಗರಸಭೆಯ ಕುರ್ಚಿಯ ಮೇಲೆ ಕುಳಿತಿದ್ದವರು. ಅವರಿಗೆ ಒಂದು ಮಾತು ಕೇಳಬೇಕೆನ್ನಿಸಿತ್ತು. ನಗರಸಭೆ ಎಂದರೆ ಮತ್ತೇನು, ಅಡುಗೆಮನೆಯ ವಿಸ್ತಾರವಲ್ಲವೆ? ನೀರು ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ಬಂತು, ಕೆಂಪಗೆ ಬಂತೋ ಬೆಳ್ಳಗೆ ಬಂತೋ ಎಂಬುದು ಮನೆಯಲ್ಲಿ ಮೊದಲು ತಿಳಿಯುವುದು ಯಾರಿಗೆ? ಹಸಿ ಕಸ ಒಣ ಕಸ ಬೇರೆ ಮಾಡುವವಳು ಯಾರು? ಮೋರಿ ಕಟ್ಟಿಕೊಂಡರೆ, ತರಕಾರಿಯ ಬೆಲೆ ಏರಿದರೆ, ಸೊಳ್ಳೆ ಹೆಚ್ಚಿ ಮಗುವಿಗೆ ಜ್ವರ ಬಂದರೆ ಲೆಕ್ಕ ಇಡುವವಳು ಯಾರು? ನಗರಸಭೆಯ ಅರ್ಧ ಕಡತ ನಮ್ಮ ತಲೆಯಲ್ಲಿದೆ. ಅಡುಗೆಮನೆಯಿಂದ ನೇರ ಅಲ್ಲಿಗೆ ಹೋದರೆ ಹೊಸದಾಗಿ ಕಲಿಯಬೇಕಾದದ್ದು ಕಡಮೆಯೇ.

ಇದು ಬರಿಯ ಬಾಯಿಮಾತಲ್ಲ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದು ನಗರಾಡಳಿತದಲ್ಲಿ ಮೂರನೆಯ ಒಂದು ಭಾಗದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಮಹಾರಾಷ್ಟ್ರ 2011ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಮುಂಬಯಿ ಅದಕ್ಕೂ ಬಹಳ ಹಿಂದೆ, 1956ರಲ್ಲೇ, ಸುಲೋಚನಾ ಮೋದಿಯವರನ್ನು ಮೇಯರ್ ಆಗಿ ಕಂಡಿತ್ತು. ಬಾಗಿಲು ತೆರೆದಿದೆ. ಒಳಗೆ ಹೋಗಲು ನಾವು ಸಿದ್ಧರಿದ್ದೇವೆಯೆ ಎಂಬುದೇ ಪ್ರಶ್ನೆ.

ಮಕ್ಕಳೇ, ನಿಮಗೊಂದು ಮಾತು

ಕಥೆ ಕೇಳಿ ಮುಗಿದ ಮೇಲೆ ಮಗಳು ಕೇಳಿದಳು: “ಹಾಗಾದರೆ ಅವರು ಒಳ್ಳೆಯವರೋ ಕೆಟ್ಟವರೋ?” ಇಂದಿನ ಹುಡುಗರಿಗೆ ಉತ್ತರ ಒಂದೇ ಸಾಲಿನಲ್ಲಿ ಬೇಕು. ನಾನು ಹೇಳಿದೆ: “ಆ ಊರಿನಲ್ಲಿ ನಿನ್ನಜ್ಜಿಯ ಕಣ್ಣಿನ ಪೊರೆ ತೆಗೆದ ಡಾಕ್ಟರು ಅವರು ನಡೆಸಿದ ಕಾಲೇಜಿನಲ್ಲಿ ಓದಿದವಳು. ಟಿ.ವಿ. ಮುಂದೆ ನಿನ್ನಮ್ಮನ ಕಣ್ಣಲ್ಲಿ ನೀರು ತರಿಸಿದ್ದು ಅವರ ಮಾತು. ಎರಡನ್ನೂ ಬರೆದುಕೋ. ಒಂದನ್ನು ಹೊಡೆದುಹಾಕಬೇಡ.”

ದೊಡ್ಡವರ ಜೀವನದಿಂದ ನಾವು ಕಲಿಯಬೇಕಾದದ್ದು ಹೀಗೇ ಎಂದು ನನಗೆ ಅನ್ನಿಸುತ್ತದೆ. ಪೂಜೆಯೂ ಬೇಡ, ಕಲ್ಲೆಸೆತವೂ ಬೇಡ. ಮಂಡಿಯ ಲೆಕ್ಕದ ಪುಸ್ತಕದಲ್ಲಿ ಜಮೆ ಒಂದು ಕಡೆ, ಖರ್ಚು ಒಂದು ಕಡೆ ಇರುತ್ತದೆ. ಎರಡನ್ನೂ ಬರೆದವನೇ ಪ್ರಾಮಾಣಿಕ ಗುಮಾಸ್ತ ಎನ್ನುತ್ತಿದ್ದರು ನಮ್ಮ ತಂದೆ.

ಅವರ ಜಮೆಯ ಕಡೆಯ ಒಂದು ಸಾಲು ನಿಮಗೆ ನೇರವಾಗಿ ಸಂಬಂಧಿಸಿದ್ದು. ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರವಿದ್ದ ಮೂವತ್ತೆಂಟರ ಮನುಷ್ಯ, ಚರಂಡಿ-ನಲ್ಲಿಗಳ ಕೆಲಸಕ್ಕೆ ಚುನಾವಣೆಗೆ ನಿಂತರು. ಶುರು ಮಾಡಿದ್ದು ವಾರ್ಡಿನಿಂದ. ನಮ್ಮ ಮುಂಬಯಿ ಕನ್ನಡಿಗರು ಹೋಟೆಲು ಕಟ್ಟಿದರು, ಬ್ಯಾಂಕಿನಲ್ಲಿ ಮೇಲೇರಿದರು, ರಾತ್ರಿಶಾಲೆಗಳಲ್ಲಿ ಓದಿ ವಕೀಲರಾದರು, ಸಂಘಗಳನ್ನು ಕಟ್ಟಿ ರಾಜ್ಯೋತ್ಸವ ಮಾಡುತ್ತ ಬಂದರು. ಎಲ್ಲವೂ ಹೆಮ್ಮೆಯ ಮಾತೇ. ಆದರೆ ‘ಅದು ನಮ್ಮ ಊರಲ್ಲವಲ್ಲ’ ಎಂಬ ಹಿಂಜರಿಕೆ ನಮ್ಮ ತಲೆಮಾರಿನಲ್ಲಿ ಇತ್ತು. ನಮ್ಮ ಊರು ಅಲ್ಲಿ, ನಾವಿಲ್ಲಿ ದುಡಿಯಲು ಬಂದವರು ಎಂಬ ಭಾವ. ನಿಮಗೆ ಆ ನೆಪವಿಲ್ಲ. ನೀವು ಹುಟ್ಟಿದ್ದೇ ಇಲ್ಲಿ. ಇದೇ ನಿಮ್ಮ ಊರು, ಇದೇ ನಿಮ್ಮ ವಾರ್ಡು. ಮರಾಠಿ ನಿಮಗೆ ಕನ್ನಡದಷ್ಟೇ ಸಲೀಸು. ಎಲ್ಲರೂ ಚುನಾವಣೆಗೆ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ವಾರ್ಡಿನ ಸಂಖ್ಯೆ ತಿಳಿದುಕೊಳ್ಳಿ, ನಗರಸೇವಕರ ಹೆಸರು ತಿಳಿದುಕೊಳ್ಳಿ, ಮತದಾನದ ದಿನ ಲೋಣಾವಳಕ್ಕೆ ಹೋಗಬೇಡಿ. ಇಷ್ಟು ಮಾಡಿದರೂ ಸಾಕು. ಯಾರಾದರೂ ನಿಂತರೆ, ಅದರಲ್ಲೂ ಹುಡುಗಿ ನಿಂತರೆ, ಮೊದಲ ಓಟು ಈ ಅಡುಗೆಮನೆಯದು.

ಶಿವಶಂಕರಪ್ಪನವರ ಅಂತ್ಯಕ್ರಿಯೆ ದಾವಣಗೆರೆಯಲ್ಲಿ, ಅವರ ಕುಟುಂಬದ ಕಲ್ಲೇಶ್ವರ ರೈಸ್ ಮಿಲ್ಲಿನ ಆವರಣದಲ್ಲಿ ನಡೆಯಿತು. ಹೆಂಡತಿ ಪಾರ್ವತಮ್ಮನವರ ಸಮಾಧಿಯೂ ಅಲ್ಲೇ. ತೊಂಬತ್ತನಾಲ್ಕು ವರ್ಷ ಬಾಳಿ, ನಗರಸಭೆ, ವಿಧಾನಸಭೆ, ಲೋಕಸಭೆ ಎಲ್ಲ ಸುತ್ತಿದ ಮನುಷ್ಯ ಕೊನೆಗೆ ಬಂದು ಮಲಗಿದ್ದು ಅಕ್ಕಿ ಗಿರಣಿಯ ಅಂಗಳದಲ್ಲಿ. ತಮ್ಮ ಫೋಟೋ ಕಳಿಸಿದ್ದ. ಜನವೋ ಜನ.

ಅಂದು ರಾತ್ರಿ ಮಗಳು ಫೋನಿನಲ್ಲಿ ಏನನ್ನೋ ಬಹಳ ಹೊತ್ತು ಹುಡುಕುತ್ತಿದ್ದಳು. ಏನೆಂದು ಕೇಳಿದೆ. “ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿದೆಯಾ ನೋಡ್ತಿದ್ದೀನಿ ಅಮ್ಮಾ” ಎಂದಳು. ನಾನು ಸೀದ ರೊಟ್ಟಿಯನ್ನು ಪಕ್ಕಕ್ಕಿಟ್ಟು ಅವಳಿಗೊಂದು ಬಿಸಿ ರೊಟ್ಟಿ ಬಡಿದು ಕೊಟ್ಟೆ.